ಬಳಿ

ಹೆಣ್ಣಿನ ಬಾಯಿಂದ ಕೇಳುವ ಪದ್ಧತಿಯಿಲ್ಲ. ತಮ್ಮ ಹೇಳಿದ.
ಅಪ್ಪನ ಹೆಸರಿಂದ ಶುರು, ಅಪ್ಪನ ಅಪ್ಪ, ಅವನಪ್ಪ,
ಸಮತರ್, ಗೇದಿ, ವಾಯಿಸ್, ಶಿರ್ವ, ಮಳೆಯಲ್ಲಿ ಹುಟ್ಟಿದ ರೋಬ್ಲೆ...
ಅಡುಗೆಮನೆಯ ಪರದೆ ಹಿಂದೆ ನಿಂತು
ನಾನೂ ತುಟಿ ಅಲ್ಲಾಡಿಸಿದೆ, ಸದ್ದಿಲ್ಲದೆ.
ಐದು ವರ್ಷದವಳಿದ್ದಾಗಲೇ ಅಜ್ಜಿ ಬಾಯಿಪಾಠ ಮಾಡಿಸಿದ್ದಳು:
ಇಪ್ಪತ್ತೆರಡು ಹೆಸರು ಮುಗ್ಗರಿಸದೆ ಮುಗಿದರೆ
ಒಂಟೆಹಾಲಿನ ಲೋಟ. ತಪ್ಪಿದರೆ ಮತ್ತೆ ಮೊದಲಿಂದ.

ನೈರೋಬಿಯ ಈಸ್ಟ್‌ಲೀ, ಮೂರನೇ ಮಹಡಿ.
ಕೆಳಗೆ ಬಟ್ಟೆಯಂಗಡಿಯವರ ಕೂಗು, ಬಸ್ಸಿನ ತಲೆಯಿಂದ
ಹಳದಿ ಕ್ಯಾನುಗಳು ಇಳಿಯುವ ಸದ್ದು, ಹೊಗೆವಾಸನೆಯ ಹಾಲು.
ಒಳಗೆ ಚಾಪೆಯ ಮೇಲೆ ನಮ್ಮವರು ನಾಲ್ವರು, ಗೋರಂಟಿ ಗಡ್ಡದವರು,
ಎದುರಿಗೆ ಕೈಸೆಯ ಕಡೆಯವರು ಮೂವರು,
ಗೋಡೆಗೊರಗಿಸಿದ ಫೋನಿನಲ್ಲಿ ಗಾರಿಸ್ಸಾದ ದೊಡ್ಡಪ್ಪ,
ನೆಟ್‌ವರ್ಕ್ ಹೋದಾಗಲೆಲ್ಲ ಬಾಯಿ ತೆರೆದಂತೆಯೇ ಕಲ್ಲಾಗುವವರು.

ಕೈಸೆಯ ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು ತಮ್ಮ ಪಟ್ಟಿ ಬಿಚ್ಚಿದರು.
ಐದು ಹೆಸರು, ಹತ್ತು. ನಮ್ಮ ದಾರಿಯನ್ನು ಎಲ್ಲೂ ಸೇರಲಿಲ್ಲ ಅದು.
ತಿರುಗಿ ನೋಡಿದೆ. ಏಲಕ್ಕಿ ಜಜ್ಜುತ್ತಿದ್ದ ಅಜ್ಜಿಯ ಕೈ ನಿಂತಿದೆ,
ತುಟಿ ಅಲ್ಲಾಡುತ್ತಿದೆ.

ಆ ಹೆಸರುಗಳು ಅವಳಿಗೆ ಗೊತ್ತು.

ಅಂಬರೊ, ನನ್ನಪ್ಪನ ತಾಯಿ,
ಹೊರಗಿನಿಂದ ಬಂದವಳು ಎಂದಷ್ಟೇ ತಿಳಿದಿದ್ದೆ.
ಯಾವ ಹೊರಗು ಎಂದು ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

"ಒಮ್ಮೆ ತಂದಿದ್ದೇವೆ ಅಲ್ಲಿಂದ, ಸಾಕು," ಕಲ್ಲಿಗೆ ಜೀವ ಬಂತು.
"ನಮ್ಮಲ್ಲೇ ಗಂಡುಗಳಿಲ್ಲವೆ? ನಾಳೆ ಗುಂಡು ಹಾರಿದರೆ
ಯಾರ ಮನೆಯ ಬಾಗಿಲು ಬಡಿಯುತ್ತಾಳೆ ಹುಡುಗಿ?"
ನಮ್ಮವರಲ್ಲೇ ಒಬ್ಬರು ನಕ್ಕರು:
"ತಾತಂದಿರ ಕಾಲದಲ್ಲಿ ಒಳಗೇ ಕೊಡುವವನನ್ನು ಪೆದ್ದ ಅನ್ನುತ್ತಿದ್ದರು.
ಇರುವ ನಂಟನ್ನೇ ದುಡ್ಡು ಕೊಟ್ಟು ಮತ್ತೆ ಕೊಳ್ಳುವುದೆ?"

ಅಜ್ಜಿ ಪರದೆ ಸರಿಸಲಿಲ್ಲ. ನನಗೆ ಹೇಳಿದಳೋ, ಏಲಕ್ಕಿಗೋ:

ಬಾವಿಯ ಹತ್ತಿರ ಸರದಿಗಾಗಿ ಜಗಳ. ಇವರ ಹುಡುಗ ಸತ್ತ.
ನಮ್ಮವರು ನೂರು ಒಂಟೆ ಎಣಿಸಿ ಕೊಟ್ಟರು, ಮೇಲೆ ನನ್ನನ್ನೂ.
ನೆತ್ತರು ಬಿದ್ದಲ್ಲಿ ಹೆರಿಗೆಯ ನೀರು ಬೀಳಬೇಕಂತೆ.
ಹದಿನಾರು ನನಗೆ. ಕೇಳಿದವರಿಲ್ಲ.
ಅಮ್ಮ ನೇಯ್ದ ಚಾಪೆಗಳು, ಗುಡಾರದ ಬಾಗಿದ ಗಳಗಳು,
ಕೊರಳಲ್ಲಿ ಮರದ ಗಂಟೆ ಕಟ್ಟಿದ ಒಂದು ಒಂಟೆ. ಅಷ್ಟು ನನ್ನ ಜೊತೆ ಬಂದದ್ದು.
ಕೆಟ್ಟವನಲ್ಲ ನಿನ್ನ ತಾತ. ಏಳು ಹೆತ್ತೆ.
ಊರು ಉರಿದ ವರ್ಷ ನನ್ನ ಅಣ್ಣನನ್ನು
ಹನ್ನೊಂದು ರಾತ್ರಿ ಅದೇ ಚಾಪೆಗಳಡಿ ಬಚ್ಚಿಟ್ಟ.
ಮರುವರ್ಷ ನನ್ನ ಮೂರನೆಯವನನ್ನು ಕೊಂದವರು
ನನ್ನ ತವರಿನವರು.
ಯಾರಾದರೂ ಕೇಳಿದರೆ ಎರಡನ್ನೂ ಹೇಳು.
ಒಂದನ್ನೇ ಹೇಳಬೇಡ.

ನಲವತ್ತು ವರ್ಷ ತಾತನ ಬಳಿ ಇದ್ದಳು,
ತಾತನ ಬಳಿಯವಳಾಗಲಿಲ್ಲ.
ಹೆಸರಿನ ಹಿಂದೆ ಇವತ್ತಿಗೂ ಅವಳಪ್ಪನ ಹೆಸರೇ.
ನನ್ನ ಬಾಯೊಳಗೆ ಅವಳೇ ಇಟ್ಟ ಇಪ್ಪತ್ತೆರಡರಲ್ಲಿ
ಅವಳದೊಂದಿಲ್ಲ, ಹೆಂಗಸಿನದೇ ಒಂದಿಲ್ಲ,
ಗಂಡಸರು ಗಂಡಸರನ್ನು ಹೆತ್ತುಕೊಂಡೇ ಬಂದ ಹಾಗೆ.

ತೀರ್ಮಾನವೇನೂ ಆಗಲಿಲ್ಲ. ಮುಂದಿನ ಶುಕ್ರವಾರ ಅಂದರು.
ನಾನು ಒಂಬತ್ತು ಲೋಟ ಚಹಾ ಜೋಡಿಸಿದೆ.
"ಎಂಟು ಸಾಕು," ಅಂದಳು, "ಫೋನಿನವನಿಗೆ ಬೇಡ."

ರಾತ್ರಿ ಕರೆಂಟು ಹೋಗಿತ್ತು. ಮರದ ಗಂಟೆ ಅವಳ ಮಡಿಲಲ್ಲಿ,
ನಾಲಗೆ ಕಳಚಿ ಎಷ್ಟು ಕಾಲವಾಯಿತೋ.
ನಿನ್ನ ಹೆಸರುಗಳನ್ನು ಕಲಿಸು, ಅಂದೆ.
ಅಪ್ಪನಿಂದ ಶುರುಮಾಡಿದಳು. ತಡೆದೆ. ನಿನ್ನಿಂದ.
ಸ್ವಲ್ಪ ಹೊತ್ತು ಸುಮ್ಮನಿದ್ದು,
ಅಂಬರೊ, ಅಂದಳು, ಬೇರೆ ಯಾರನ್ನೋ ಕರೆದಂತೆ.
ಆಮೇಲೆ ದೀರಿಯೆ, ಹಿರ್ಸಿ, ಗೂಲೇದ್...
ಹನ್ನೊಂದನೆಯದಕ್ಕೆ ನಿಂತಳು. ಹಿಂದೆ ಹೋಗಿ ಓಡಿ ಬಂದಳು. ಇಲ್ಲ.

ಕೈಸೆಗೆ ಫೋನ್ ಮಾಡಿ ಕೇಳಿದೆ.
ನಿದ್ದೆಗಣ್ಣು ಅವನಿಗೆ. ನಡುವಿನದೊಂದನ್ನೇ ಹೇಳಲು ಬಾರದೆ
ಮೊದಲಿಂದ ಎಣಿಸತೊಡಗಿದ.